ಹೆಬ್ಬಾಳದಲ್ಲಿ ಕೂತು ಹಿಮದ ಬೆಟ್ಟ ಹೋಲಿಸಿದ್ದು

ಕೆಲವರಿಗೆ ಹೋದಲ್ಲೆಲ್ಲ ಪರಿಚಯದವರು ಸಿಗುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ಚಪ್ಪಲಿ ಕಿತ್ತುಹೋಗುತ್ತೆ. ನನಗೆ ಮಾತ್ರ ಕೂತಲ್ಲಿ ನಿಂತಲ್ಲಿ ನಗು ಬರಿಸುವ ಪ್ರಸಂಗಗಳೇ ಎದುರಾಗುತ್ತವೆ. ಮೊದಲು ಅವ್ವ ಇದ್ದಳು. ಮನೆಗೆ ಬಂದು ಬ್ಯಾಗು ಇಳಿಸುವುದರೊಳಗೆ ಅವಳಿಗೆ ಎಲ್ಲಾ ಹೇಳಿ ಮುಗಿಸಿರುತ್ತಿದ್ದೆ. ಅವಳು ಅರ್ಧ ಕೇಳಿಸಿಕೊಂಡು, ಇನ್ನರ್ಧ ತಾನೇ ಸೇರಿಸಿ, ಮಾರನೇ ದಿನ ವಿಜಯಪುರದ ನಮ್ಮ ಮಂದಿಗೆ ಫೋನ್ ಹಚ್ಚಿ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಈಗ ಅವಳಿಲ್ಲ. ಬೀಗ ತೆಗೆದು ಒಳಗೆ ಬಂದರೆ ಕೇಳೋರು ಯಾರೂ ಇಲ್ಲ. ನಗು ಹೊಟ್ಟೆಯಲ್ಲೇ ಇಟ್ಟುಕೊಂಡು ಮಲಗಿದರೆ ಅಜೀರ್ಣ ಆದ ಹಾಗೆ ಆಗುತ್ತೆ. ಅದಕ್ಕೇ ಬರೀತಿದ್ದೀನಿ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುವುದು ಒಳ್ಳೇದು. ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್, ನ್ಯೂಹ್ಯಾಂಪ್‌ಶೈರ್, ಮೇಯ್ನ್ ಅಂತ ರಾಜ್ಯಗಳಿವೆ. ಚಳಿಗಾಲ ಬಂತೆಂದರೆ ಅಲ್ಲಿನ ಜನ ಕಾಲಿಗೆ ಉದ್ದುದ್ದ ಪಟ್ಟಿ ಕಟ್ಟಿಕೊಂಡು ಹಿಮದ ಬೆಟ್ಟದ ಮೇಲಿಂದ ಜಾರುತ್ತಾರೆ. ಅದಕ್ಕೆ ಸ್ಕೀಯಿಂಗ್ ಅಂತಾರೆ. ಯಾವ ಬೆಟ್ಟಕ್ಕೆ ಹೋದರೆ ಒಳ್ಳೇದು ಅಂತ ಅವರಿಗೆ ಅನುಮಾನ ಬಂದಾಗ ಒಂದು ನಂಬರಿಗೆ ಫೋನ್ ಮಾಡುತ್ತಾರೆ. ಆ ಫೋನು ಹೆಬ್ಬಾಳದ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ರಿಂಗಾಗುತ್ತೆ. ಎತ್ತೋದು ನಾನು. ಮೊದಲು ಯಶವಂತಪುರದ ಒಂದು ಕಾರ್ಖಾನೆಯಲ್ಲೂ ಫೋನ್ ಎತ್ತುವುದೇ ನನ್ನ ಕೆಲಸವಾಗಿತ್ತು. ಕಾರ್ಖಾನೆ ಊರಾಚೆ ಹೋಯಿತು, ನಾನು ಇಲ್ಲಿಗೆ ಬಂದೆ. ಐವತ್ತು ದಾಟಿದ ಮೇಲೆ ಬೋಲ್ಟು-ನಟ್ಟು ಬಿಟ್ಟು ಹಿಮ ಹಿಡಿದೆ.

ಬೆಟ್ಟಗಳ ನಿಜವಾದ ಹೆಸರು ಬರೆದರೆ ಆಫೀಸಿನವರು ಬೈತಾರೆ. ನಾವು ನಮ್ಮನಮ್ಮಲ್ಲಿ ಇಟ್ಟುಕೊಂಡಿರೋ ಹೆಸರುಗಳನ್ನೇ ಹೇಳ್ತೀನಿ. ವರ್ಮಾಂಟಿನದು 'ದೊಡ್ಡಪ್ಪ', ಯಾಕಂದ್ರೆ ಅಗಲ, ಗಂಭೀರ. ನ್ಯೂಹ್ಯಾಂಪ್‌ಶೈರಿನದು 'ಗಾಳಿಗುಡ್ಡ', ಹೆಸರೇ ಹೇಳುತ್ತೆ. ಮೇಯ್ನಿನದು 'ಐಸ್‌ಪೆಟ್ಟಿಗೆ'.

ಬಾಡಿಗೆ ಮನೆ

ಅವ್ವ ಹೋದ ಮೇಲೆ ದೊಡ್ಡ ಮನೆ ಬೇಡವೆನಿಸಿ ಬ್ಯಾಟರಾಯನಪುರದಲ್ಲಿ ಒಂದು ರೂಮು, ಅಡುಗೆಮನೆ ಇರುವ ಮನೆ ನೋಡಿದೆ. ಮಾಲೀಕರ ಮನೆಯ ಅಜ್ಜಿ ಅಲ್ಲಿಯ ಹಳೇ ಊರಿನವರು. ಲೇಔಟು ಬರುವ ಮೊದಲು ಅದೇ ಜಾಗದಲ್ಲಿ ರಾಗಿ ಬೆಳೆದಿದ್ದವರು. ಬಾಗಿಲಲ್ಲೇ ಕೂರಿಸಿ ವಿಚಾರಣೆ ಶುರು ಮಾಡಿದರು.

"ಒಬ್ಳೇನಾ?"

"ಹೌದ್ರಿ ಅಜ್ಜಿ, ಒಬ್ಬಾಕಿನ."

"ಏನವ್ವಾ ಕೆಲ್ಸ?"

"ಅಮೆರಿಕದಾಗ ಹಿಮದ ಬೆಟ್ಟ ಇರ್ತಾವ್ರಿ. ಯಾವ ಬೆಟ್ಟ ಚಲೋ, ಯಾವುದು ಅಷ್ಟಕ್ಕಷ್ಟೇ ಅಂತ ಫೋನಿನಾಗ ಹೇಳೂದು."

"ಅಲ್ಲಿ ದ್ಯಾವ್ರೈತಾ?"

"ಇಲ್ರಿ."

"ಮತ್ ಯಾಕ್ ಅತ್ತುತ್ತಾರೆ?"

"ಹತ್ತಿ ಕೆಳಗ ಜಾರ್ತಾರ್ರಿ."

ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಜಾರಕ್ಕೆ ಅಷ್ಟು ದೂರ ಓಗ್ತಾರಾ? ದುಡ್ ಕೊಟ್ಟು?"

"ಹೌದ್ರಿ."

ಅಜ್ಜಿ ಒಳಗಿದ್ದ ಸೊಸೆಗೆ ಕೇಳುವ ಹಾಗೆ ಕೂಗಿದರು: "ನೋಡು, ಬಚ್ಚಲುಜ್ಜು ಅಂತ ದಿನಾ ಬಡ್ಕೋತಿದ್ನಲ್ಲ, ಬುಟ್ಬುಡು! ಅಮೇರಿಕಾದೋರು ಬಂದ್ರೆ ಟಿಕೀಟ್ ಮಾಡಾಣ!"

ಕಪ್ಪು ವಜ್ರ

ನಮಗೆ ಬೆಟ್ಟಗಳ ಪಾಠ ಹೇಳಿಕೊಟ್ಟ ತರಬೇತುದಾರರೂ ಹಿಮ ನೋಡಿದವರಲ್ಲ. ಅವರು ತುಮಕೂರು ರಸ್ತೆಯ ನಾಗಸಂದ್ರದಿಂದ ಆಚೆಗೆ ಹೋದದ್ದೇ ಕಡಿಮೆ. ಆದರೂ ಗೋಡೆ ಮೇಲೆ ಚಿತ್ರ ಬಿಟ್ಟು ಧೈರ್ಯವಾಗಿ ಹೇಳಿದರು: ಹಸಿರು ಗುರುತಿನ ದಾರಿ ಸುಲಭ, ನೀಲಿ ದಾರಿ ಮಧ್ಯಮ, ಕಪ್ಪು ವಜ್ರದ ಗುರುತು ಇದ್ದರೆ ಕಷ್ಟ, ಎರಡು ಕಪ್ಪು ವಜ್ರ ಇದ್ದರೆ ಮನೆಯಲ್ಲಿ ಹೇಳಿ ಹೋಗಬೇಕು.

ನನ್ನ ಪಕ್ಕದ ಕುರ್ಚಿಯವರು ಆ ದಿನ ರಜೆ. ಅವರು ಇಪ್ಪತ್ತು ವರ್ಷ ಆಭರಣದ ಅಂಗಡಿಯ ಕೌಂಟರಿನಲ್ಲಿ ನಿಂತು ಬಂದವರು. ಗಿರಾಕಿಯನ್ನು ಬರಿಗೈಲಿ ಕಳಿಸಿದ ಚರಿತ್ರೆಯೇ ಅವರಿಗಿಲ್ಲ. ಅವರ ಮೊದಲನೇ ಫೋನು ಒಬ್ಬ ಹೆಂಗಸಿನದು. "ನನಗೆ ಎರಡು ಕಪ್ಪು ವಜ್ರ ಬೇಕು, ನಿಮ್ಮ ಹತ್ತಿರ ಯಾವುದು ಚೆನ್ನಾಗಿದೆ?" ಅಂತ ಆಕೆ ಕೇಳಿದಳು.

ಇವರ ಮುಖ ಅರಳಿತು. ಬೆನ್ನು ನೆಟ್ಟಗಾಯಿತು. ಎಷ್ಟೋ ದಿನದ ಮೇಲೆ ತಮ್ಮ ಭಾಷೆ ಮಾತಾಡುವವರು ಸಿಕ್ಕಿದ ಹಾಗೆ ಆಗಿರಬೇಕು. ನಾನು ಸನ್ನೆ ಮಾಡುವಷ್ಟರಲ್ಲಿ ಮಾತು ಹೊರಟೇ ಹೋಗಿತ್ತು: "ಖಂಡಿತ ಇದೆ ಮೇಡಂ. ಕಿವಿಗೋ, ಮೂಗಿಗೋ?"

ನಾಲ್ಕು ಸಾವಿರ ಅಡಿ

ಹಿಮ ನೋಡದಿದ್ದರೂ ಬೆಟ್ಟಗಳ ಮೇಲೆ ನಮಗೆ ಪಕ್ಷಾಭಿಮಾನ ಬಂದುಬಿಟ್ಟಿದೆ. ಆಭರಣದವರು ದೊಡ್ಡಪ್ಪನ ಕಡೆ. ನಮ್ಮ ಸೂಪರ್‌ವೈಸರ್ ಗಾಳಿಗುಡ್ಡದ ಕಡೆ. ಅವರು ಆರ್.ಟಿ. ನಗರದ ಹುಡುಗ, ನನಗಿಂತ ಎಷ್ಟೋ ಚಿಕ್ಕವರು, ಆದರೂ ಮೇಲಧಿಕಾರಿ ಅಂತ ನಾನು 'ಸರ್' ಅಂತೀನಿ. ಈ ಇಬ್ಬರೂ ತವರುಮನೆಯ ಜಗಳದ ಹಾಗೆ ಜಗಳ ಆಡುತ್ತಾರೆ.

ಒಂದು ಸಂಜೆ ಕೆಳಗಿನ ಟೀ ಅಂಗಡಿಯಲ್ಲಿ ಶುರುವಾಯಿತು.

"ಏನ್ ಗುರು, ನಿಮ್ಮ ಗಾಳಿಗುಡ್ಡದಲ್ಲಿ ಏನಿದೆ? ದೊಡ್ಡಪ್ಪ ನಾಲ್ಕು ಸಾವಿರ ಅಡಿ ಮೇಲಿದೆ!"

"ನಮ್ದೂ ನಾಲ್ಕು ಸಾವಿರ ಅಡೀನೇ. ವ್ಯೂ ನೋಡಿ ಸರ್, ವ್ಯೂ. ಎದುರಿಗೆ ಏನೂ ಅಡ್ಡ ಇಲ್ಲ."

"ವ್ಯೂ ಇಟ್ಕೊಂಡು ಏನ್ ಮಾಡ್ತೀರ, ಗಾಳಿ ಜಾಸ್ತಿ."

"ಗಾಳಿ ಇರ್ಬೇಕು ಕಣ್ರೀ!"

ಪಕ್ಕದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ ಆಟೋದವರು ಹತ್ತಿರ ಸರಿದರು. ಇನ್ನಿಬ್ಬರು ಗ್ಲಾಸು ಹಿಡಿದು ಬಂದು ನಿಂತರು. ಟೀ ಅಂಗಡಿಯವನು ಸ್ಟವ್ ಸಣ್ಣ ಮಾಡಿದ. ಕೊನೆಗೆ ಆಟೋದವರು ತಡೆಯಲಾರದೆ ಕೇಳಿದರು:

"ಸರ್, ತಪ್ಪು ತಿಳ್ಕೋಬೇಡಿ. ನಾಲ್ಕು ಸಾವಿರ ಅಡಿ, ಎದುರಿಗೆ ಓಪನ್ನು, ಒಳ್ಳೆ ಗಾಳಿ... ಖಾತಾ ಕ್ಲಿಯರ್ ಇದ್ಯಾ?"

ಸೋಮವಾರದ ಗಂಟಲು

ಅಲ್ಲಿ ಬೆಟ್ಟಗಳಿಗೆ ಭಾನುವಾರ ಜಾತ್ರೆಯಷ್ಟು ಜನ. ಫೋನು ಬಿಡುವಿಲ್ಲದೆ ಬರುತ್ತೆ. ಆದರೆ ನನಗೆ ವಾರದ ರಜೆ ಭಾನುವಾರವೇ ಬಂದಿದೆ. ಸೋಮವಾರ ಸಂಜೆ ಆಫೀಸಿಗೆ ಹೋಗಿ ಮೊದಲ ಫೋನು ಎತ್ತಿದರೆ ನನ್ನ ಗಂಟಲಿನಿಂದ ಗರಗಸದ ಸದ್ದು ಬರುತ್ತಿತ್ತು. ಎರಡು ಫೋನು ಆದ ಮೇಲೆ ಸರಿಹೋಗುತ್ತಿತ್ತು. ಮುಂದಿನ ಸೋಮವಾರ ಮತ್ತೆ ಅದೇ. ಇದೇನೋ ಕಾಯಿಲೆ ಅಂತ ಹೆದರಿ ಕೊಡಿಗೇಹಳ್ಳಿಯ ಒಬ್ಬ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು, ನಿಧಾನಸ್ಥರು. ಬಾಯಿ ತೆಗೆಸಿ ಟಾರ್ಚು ಬಿಟ್ಟು ನೋಡಿದರು.

"ಗಂಟಲು ಚೆನ್ನಾಗೇ ಇದೆಯಲ್ಲಮ್ಮ. ಭಾನುವಾರ ತಣ್ಣಗಿರೋದು ಏನಾದ್ರೂ ತಿಂತೀರಾ?"

"ಇಲ್ಲ."

"ಜೋರಾಗಿ ಮಾತಾಡ್ತೀರಾ?"

"ಇಲ್ಲ ಡಾಕ್ಟ್ರೇ. ಮಾತೇ ಆಡಲ್ಲ."

"ಏನೂ? ಯಾರ ಹತ್ರಾನೂ?"

ನಾನು ಯೋಚನೆ ಮಾಡಿದೆ. ಶನಿವಾರ ರಾತ್ರಿ ಆಫೀಸಿನ ಕ್ಯಾಬ್ ಡ್ರೈವರಿಗೆ 'ಇಲ್ಲೇ ನಿಲ್ಲಿಸಿ' ಅಂದದ್ದು, ಆಮೇಲೆ ಸೋಮವಾರವೇ. ನಡುವೆ ಒಂದು ಮಾತು ನೆನಪಾಯಿತು. "ತರಕಾರಿ ಗಾಡಿಯವನ ಹತ್ರ ಆಡ್ತೀನಿ. ಕೊತ್ತಂಬರಿ ಎಷ್ಟು ಅಂತ."

"ಅವನೇನಂತಾನೆ?"

"ಹತ್ತು ಅಂತಾನೆ."

"ಅದಕ್ಕೆ ನೀವು?"

"ಕೊಟ್ಟು ಬರ್ತೀನಿ."

ಡಾಕ್ಟರು ಟಾರ್ಚು ಆರಿಸಿ, ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. "ಮಾತ್ರೆ ಏನೂ ಬೇಡಮ್ಮ. ಭಾನುವಾರ ಎರಡು ಸಲ ಚೌಕಾಸಿ ಮಾಡಿ. ತಿಂಡಿಗೆ ಮುಂಚೆ ಒಂದು, ಊಟ ಆದ್ಮೇಲೆ ಒಂದು."

ಡೊಳ್ಳು

ನಾವು ಎಲ್ಲಿಂದ ಮಾತಾಡುತ್ತಿದ್ದೇವೆ ಅಂತ ಹೇಳಬಾರದು, ಇದು ಆಫೀಸಿನ ಕಟ್ಟಪ್ಪಣೆ. ಬೆಟ್ಟದ ಬುಡದಲ್ಲೇ ಕೂತಿದ್ದೇವೆ ಅನ್ನುವ ಹಾಗೆ ಇರಬೇಕು.

ನವೆಂಬರಿನಲ್ಲಿ ಅಲ್ಲಿ ಬೆಟ್ಟಗಳು ತೆರೆಯುತ್ತವೆ. ಇಲ್ಲಿ ರಾಜ್ಯೋತ್ಸವ ಗಲ್ಲಿಗಲ್ಲಿಯಲ್ಲಿ ತಿಂಗಳು ಪೂರ್ತಿ ನಡೆಯುತ್ತೆ. ಒಂದು ಸಂಜೆ ಏಸಿ ಕೆಟ್ಟು ಕಿಟಕಿ ತೆಗೆದಿದ್ದೆವು. ನಾನು ಒಬ್ಬ ಗಂಡಸಿಗೆ ಐಸ್‌ಪೆಟ್ಟಿಗೆಯ ನಿಶ್ಶಬ್ದವನ್ನು ವರ್ಣಿಸುತ್ತಿದ್ದೆ. "ಸರ್, ಅಲ್ಲಿ ಹಿಮ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲ್ಲ" ಅನ್ನುವುದಕ್ಕೂ, ಕೆಳಗೆ ಮೆರವಣಿಗೆಯ ಡೊಳ್ಳಿನವರು ಒಟ್ಟಿಗೆ ಕೋಲೆತ್ತಿ ಬಾರಿಸುವುದಕ್ಕೂ ಸರಿಹೋಯಿತು. ಹಿಂದೆಯೇ ತಮಟೆ.

"ಅದೇನದು?" ಅಂದ ಅವನು.

ಸೂಪರ್‌ವೈಸರ್ ಕಿಟಕಿ ಮುಚ್ಚಲು ಓಡಿದರು, ಅದು ಜಾಮ್ ಆಗಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ. "ಅದು... ಬೆಟ್ಟದ ವಾದ್ಯಗೋಷ್ಠಿ ಸರ್."

"ಅದ್ಭುತವಾಗಿದೆ! ಫೋನು ಹಾಗೇ ಹಿಡ್ಕೊಂಡಿರಿ" ಅಂದು, ಹೆಂಡತಿ ಮಕ್ಕಳನ್ನೆಲ್ಲ ಕರೆದು, ಮೆರವಣಿಗೆ ಫ್ಲೈಓವರ್ ಕಡೆ ತಿರುಗುವ ತನಕ ಕೇಳಿದ. ಮನೆಮಂದಿಗೆಲ್ಲ ಟಿಕೆಟ್ ತೆಗೆದುಕೊಂಡ. ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿದರು.

ತಿಂಗಳಾದ ಮೇಲೆ ಅವನ ವಿಮರ್ಶೆ ಬಂತು. ಐದರಲ್ಲಿ ಒಂದೇ ಒಂದು ನಕ್ಷತ್ರ. ಕೆಳಗೆ ಬರೆದಿದ್ದ: 'ಹಿಮ ಬೇಕಾದಷ್ಟಿತ್ತು. ಡೋಲು ಬಾರಿಸುವವರು ಯಾರೂ ಬರಲೇ ಇಲ್ಲ.'

ಹೆಂಡತಿಯ ಬೆಟ್ಟ

ಕೊನೆಗೆ ಇದೊಂದು ಹೇಳಬೇಕು. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಮೇಯ್ನಿನ ಸಮುದ್ರದ ಕಡೆಯ ಒಂದು ಸಣ್ಣ ಊರಿನಿಂದ ಒಬ್ಬ ಮುದುಕರು ಪ್ರತಿ ವಾರ ಫೋನ್ ಮಾಡುತ್ತಿದ್ದರು. ಅವರಿಗೆ ಬೆಳಗಿನ ಹೊತ್ತು, ನನಗೆ ಸಂಜೆ ಏಳರ ಸುಮಾರು. ಅವರ ಪ್ರಶ್ನೆ ಯಾವಾಗಲೂ ಒಂದೇ: ದೊಡ್ಡಪ್ಪ ಮೇಲೋ, ಗಾಳಿಗುಡ್ಡ ಮೇಲೋ? ನಾನು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಓದಿ ಹೇಳುತ್ತಿದ್ದೆ. ಹಿಮ ಎಷ್ಟು ದಪ್ಪ, ದಾರಿ ಎಷ್ಟು ಕಡಿದು, ಎಲ್ಲಾ. ಅವರು ಕೇಳಿಸಿಕೊಂಡು, "ಅದೆಲ್ಲ ಇರಲಿ. ಆದರೆ ದೊಡ್ಡಪ್ಪ ಬೆಚ್ಚಗಿರುತ್ತೆ" ಅನ್ನುತ್ತಿದ್ದರು. ನೀರು ಹೆಪ್ಪುಗಟ್ಟುವ ಬೆಟ್ಟ ಬೆಚ್ಚಗೆ ಹೇಗಿರುತ್ತೆ ಅಂತ ನಾನು ಕೇಳಲಿಲ್ಲ, ವಯಸ್ಸಾದವರು. ಇನ್ನೊಂದು ವಾರ, "ಗಾಳಿಗುಡ್ಡದಲ್ಲಿ ಉಪ್ಪು ಜಾಸ್ತಿ" ಅಂದರು. ಅಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದನ್ನೇ ಹೇಳುತ್ತಿರಬೇಕು ಅಂದುಕೊಂಡು, "ಈ ವರ್ಷ ಕಡಿಮೆ ಹಾಕ್ತಿದಾರೆ ಸರ್" ಅಂದೆ. ಅವರಿಗೆ ಬಹಳ ಸಂತೋಷವಾಯಿತು.

ಗಾಳಿಗುಡ್ಡ ಅವರ ಹೆಂಡತಿಗೆ ಪ್ರಾಣ. ಪ್ರತಿ ಚಳಿಗಾಲ ಇಬ್ಬರೂ ಒಂದು ವಾರ ಅಲ್ಲಿ, ಒಂದು ವಾರ ದೊಡ್ಡಪ್ಪನಲ್ಲಿ ಇರುತ್ತಿದ್ದರಂತೆ. ಹಿಂದಿನ ವರ್ಷ ಆಕೆ ತೀರಿಕೊಂಡರು. ಈಗ ಮಗಳು ಬಂದು, "ಅಪ್ಪಾ, ಒಂದೇ ಒಂದು ಸಲ ಕರ್ಕೊಂಡು ಹೋಗ್ತೀನಿ. ಯಾವ ಬೆಟ್ಟ ಅಂತ ನೀನೇ ಹೇಳು" ಅಂದಿದ್ದಳು. ಅವರಿಗೆ ತೀರ್ಮಾನ ಮಾಡಲಾಗುತ್ತಿರಲಿಲ್ಲ.

ಸೂಪರ್‌ವೈಸರ್ ನನಗೆ ಹೇಳಿ ನೋಡಿದರು. "ಮೇಡಂ, ಅವ್ರು ಟಿಕೆಟ್ ತಗೊಳ್ಳೋ ಗಿರಾಕಿ ಅಲ್ಲ. ಎರಡು ನಿಮಿಷದಲ್ಲಿ ಮುಗ್ಸಿ."

ನಾನು ಮುಗಿಸಲಿಲ್ಲ. ಫೋನ್ ಮಾಡಿದವರೆಲ್ಲ 'ಹೇಗಿದ್ದೀರಿ' ಅಂತಾರೆ, ಅದು ಅವರ ವಾಡಿಕೆ. ಉತ್ತರಕ್ಕೆ ಕಾಯುವುದಿಲ್ಲ. ಈ ಮುದುಕರು 'ಹೇಗಿದ್ದೀಯಮ್ಮಾ' ಅನ್ನುವ ಧಾಟಿಯಲ್ಲಿ ಕೇಳಿ, ಸುಮ್ಮನೆ ಕಾಯುತ್ತಿದ್ದರು. ಮೊದಲ ಸಲ ಅವರು ಹಾಗೆ ಕಾದಾಗ ಏನು ಹೇಳಬೇಕೋ ತಿಳಿಯದೆ, "ಇವತ್ತು ಬದನೆಕಾಯಿ ಪಲ್ಯ ಸೀದುಹೋಯ್ತು" ಅಂದುಬಿಟ್ಟಿದ್ದೆ. ಅವರು ಆಮೇಲಿನ ವಾರ ಅದನ್ನು ನೆನಪಿಟ್ಟುಕೊಂಡು ವಿಚಾರಿಸಿದ್ದರು.

ಒಂದು ಸಂಜೆ ಅವರು ಕೇಳಿದರು, "ನೀನಾಗಿದ್ರೆ ಎಲ್ಲಿಗೆ ಹೋಗ್ತಿದ್ದೆ? ನಿನಗೆ ಯಾವ ಬೆಟ್ಟ ಇಷ್ಟ?"

ಈ ಪ್ರಶ್ನೆಗೆ ನನ್ನ ಬಾಯಲ್ಲಿ ಸಿದ್ಧ ಉತ್ತರವಿದೆ. ಬೇರೆಯವರಿಗೆಲ್ಲ ಪಟಪಟ ಹೇಳುತ್ತೀನಿ. ಅವತ್ತು ಬಾಯಿ ಬರಲಿಲ್ಲ.

"ಸರ್, ನಾನು ಹಿಮಾನೇ ನೋಡಿಲ್ಲ. ನಾನಿರೋದು ಇಂಡಿಯಾದಲ್ಲಿ, ಬೆಂಗಳೂರು. ಫ್ರಿಜ್ಜಿನ ಮೇಲ್ಗಡೆ ಡಬ್ಬಿಯಲ್ಲಿ ಕಟ್ಕೊಳ್ಳುತ್ತಲ್ಲ, ಅಷ್ಟೇ ನಾನು ಕಂಡಿರೋದು."

ಹೋಯಿತು, ಇನ್ನು ಇವರೂ ಫೋನ್ ಮಾಡಲ್ಲ ಅಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಅಂದರು:

"ನಾನೂ ಒಂದು ಹೇಳ್ತೀನಿ. ನನ್ನ ಮಗಳಿಗೆ ಗೊತ್ತಾಗಬಾರದು. ನಾನು ಜೀವಮಾನದಲ್ಲಿ ಒಂದು ಸಲಾನೂ ಜಾರಿಲ್ಲ."

"ಮತ್ತೆ ಪ್ರತಿ ವರ್ಷ ಹೋಗ್ತಿದ್ರಲ್ಲ ಸರ್?"

"ಅವಳು ಜಾರ್ತಿದ್ದಳು. ನನಗೆ ಎತ್ತರ ಅಂದ್ರೆ ಭಯ. ಕೆಳಗೆ ಕ್ಯಾಂಟೀನಿನಲ್ಲಿ ಕೂತು ಅವಳು ಬರೋ ತನಕ ಕಾಯ್ತಿದ್ದೆ."

"ಹಾಗಾದ್ರೆ ಇಷ್ಟು ವಾರದಿಂದ ನೀವು ಹೋಲಿಸ್ತಾ ಇದ್ದದ್ದು ಏನನ್ನ?"

"ಸೂಪು!"

ನನಗೆ ನಗು ತಡೆಯಲಿಲ್ಲ, ಅವರಿಗೂ ತಡೆಯಲಿಲ್ಲ. ಇಬ್ಬರೂ ಮಾತಿಲ್ಲದೆ ನಕ್ಕೆವು. ನಕ್ಕು ಸುಸ್ತಾದ ಮೇಲೆ ನಾನಂದೆ, "ಸರ್, ಒಂದೇ ಸಲ ಅಂದ್ರೆ ಅವರ ಬೆಟ್ಟಕ್ಕೆ ಹೋಗಿ. ಈ ಸಲ ಕೆಳಗೆ ಕೂರಬೇಡಿ. ಹಗ್ಗದ ಮೇಲೆ ಓಡೋ ಗಾಜಿನ ಡಬ್ಬಿ ಇದೆ, ಅದರಲ್ಲಿ ಕೂತರೆ ತುದಿಗೆ ಮುಟ್ಟಿಸುತ್ತೆ. ಕಣ್ಣು ಮುಚ್ಚಿಕೊಂಡೇ ಹೋಗಿ, ಮೇಲೆ ಹೋದ ಮೇಲೆ ತೆಗೀರಿ."

ಫೋನು ಇಟ್ಟು ತಿರುಗಿದರೆ ಸೂಪರ್‌ವೈಸರ್ ಕಿವಿಯ ಹೆಡ್‌ಫೋನ್ ತೆಗೆಯುತ್ತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು. ಇಂಡಿಯಾ ಅಂದದ್ದು, ಬೆಂಗಳೂರು ಅಂದದ್ದು, ಎಲ್ಲಾ. ನಾನು ಬ್ಯಾಗಿಗೆ ಕೈ ಹಾಕಿದೆ. ಕೆಲಸ ಹೋದರೆ ದಿನಾ ಭಾನುವಾರವೇ ಆಗುತ್ತಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ಅವರು ಬಂದು ಪಕ್ಕದಲ್ಲಿ ಕೂತು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ನಮ್ಮ ಗಾಳಿಗುಡ್ಡದ ಸೂಪು ಅಷ್ಟೊಂದು ಕೆಟ್ಟದಾಗಿದ್ಯಾ?"

ಅದಾದ ಮೇಲೆ ಮುದುಕರ ಫೋನು ನಿಂತುಹೋಯಿತು. ಒಂದು ವಾರ, ಎರಡು ವಾರ. ಎತ್ತರಕ್ಕೆ ಹೆದರುವ ಮನುಷ್ಯನನ್ನು ಇಲ್ಲಿ ಕೂತುಕೊಂಡು ಬೆಟ್ಟ ಹತ್ತಿಸಿದೆನಲ್ಲ ಅಂತ ನನಗೆ ಊಟ ಸೇರದಂತಾಯಿತು. ಏಳು ಗಂಟೆಗೆ ಯಾವ ಫೋನು ಬಂದರೂ ಮೊದಲ ರಿಂಗಿಗೇ ಕೈ ಹಾಕುತ್ತಿದ್ದೆ. ಎತ್ತಿದರೆ ಬೇರೆ ಯಾರೋ, ಮಕ್ಕಳಿಗೆ ರಿಯಾಯಿತಿ ಇದೆಯಾ ಅಂತ. ಆಭರಣದವರು ಪ್ರತಿ ಸಂಜೆ ಹುಬ್ಬಿನಲ್ಲೇ ಕೇಳುತ್ತಿದ್ದರು, ನಾನು ಇಲ್ಲ ಅಂತ ತಲೆ ಆಡಿಸುತ್ತಿದ್ದೆ. ಸೂಪರ್‌ವೈಸರ್ ಕೂಡ ಗಾಳಿಗುಡ್ಡದ ಹೊಗಳಿಕೆ ನಿಲ್ಲಿಸಿದ್ದರು.

ಮೂರನೇ ವಾರ ಅವರ ಫೋನು ಬಂತು.

"ಹೇಗಿದ್ದೀಯಮ್ಮಾ?"

"ನಂದಿರಲಿ ಸರ್, ನೀವು ಹೇಗಿದ್ದೀರಿ? ಹೋದ್ರಾ?"

ಹೋಗಿದ್ದರು. ಮಗಳ ಕೈ ಹಿಡಿದು, ಕಣ್ಣು ಮುಚ್ಚಿಕೊಂಡು, ಗಾಜಿನ ಡಬ್ಬಿಯಲ್ಲಿ ಕೂತು ತುದಿ ಮುಟ್ಟಿದ್ದರು. ಅಲ್ಲಿ ಕಣ್ಣು ತೆರೆದು ನೋಡಿದರೆ ಎಲ್ಲಾ ಕಡೆ ಬಿಳಿ. ಹೆಂಡತಿ ನಿಲ್ಲುತ್ತಿದ್ದ ಜಾಗ ಇದೇ ಇರಬೇಕು ಅಂತ ಒಂದು ಕಡೆ ನಿಂತರಂತೆ. ಅಷ್ಟರಲ್ಲಿ ಗಾಳಿಗುಡ್ಡ ತನ್ನ ಬುದ್ಧಿ ತೋರಿಸಿತು. ಬಿರುಗಾಳಿ ಎದ್ದು ಡಬ್ಬಿಗಳನ್ನು ನಿಲ್ಲಿಸಿಬಿಟ್ಟರು. ಜಾರಲು ಬರುವ ಮಗಳಿಗೆ ಹೆದರಿಕೆ ಇಲ್ಲ. ಜಾರಲು ಬಾರದ ಇವರನ್ನು ಇಳಿಸುವುದು ಹೇಗೆ? ಗಾಯಾಳುಗಳನ್ನು ಇಳಿಸುವ ಬಂಡಿ ತಂದರು. ಅದು ಚಕ್ರವಿಲ್ಲದ, ದೋಣಿಯಂಥ ಬಂಡಿ. ಇವರನ್ನು ಅಂಗಾತ ಮಲಗಿಸಿ, ಕಂಬಳಿ ಸುತ್ತಿ, ಪಟ್ಟಿ ಬಿಗಿದು, ಒಬ್ಬ ಹುಡುಗ ಅದನ್ನು ಹಿಡಿದು ಜಾರಲು ಹೊರಟ. ಅದೂ ಅವರ ಹೆಂಡತಿಗೆ ಇಷ್ಟವಾದ ಕಡಿದಾದ ದಾರಿಯಲ್ಲಿ.

"ದಾರಿಯಲ್ಲಿ ಜನ ನಿಂತು ಅಯ್ಯೋ ಪಾಪ ಅಂತಿದ್ರು" ಅಂದರು ಮುದುಕರು. "ನನ್ನ ಕಣ್ಣಲ್ಲಿ ನೀರು ಬೇರೆ. ಕೆಳಗೆ ಬಂದ ಮೇಲೆ ಆ ಹುಡುಗ ಗಾಬರಿಯಿಂದ 'ಎಲ್ಲಿ ನೋವು ಸರ್' ಅಂದ. ನೋವಲ್ಲಪ್ಪಾ, ಸಿಟ್ಟು, ಅಂದೆ. ನನ್ನ ಹೆಂಡತಿ ಇಷ್ಟು ವರ್ಷ ಈ ಸುಖಾನೆಲ್ಲ ಒಬ್ಬಳೇ ಅನುಭವಿಸಿದಾಳೆ, ನನಗೆ ಒಂದು ಮಾತು ಹೇಳಲಿಲ್ಲ!"

"ಹೇಳಿರ್ತಾರೆ ಸರ್. ನೀವು ಸೂಪು ಕುಡೀತಾ ಇದ್ರಿ."

ಅವರು ನಕ್ಕ ನಗು ಹೆಡ್‌ಫೋನಿನಿಂದ ಆಚೆ ಕೇಳಿಸಿರಬೇಕು, ನಮ್ಮ ಸಾಲಿನವರೆಲ್ಲ ತಿರುಗಿ ನೋಡಿದರು. ನಗು ನಿಂತ ಮೇಲೆ ಫೋನು ಇಟ್ಟುಬಿಡುತ್ತಾರೇನೋ ಅಂದುಕೊಂಡೆ. ಇಡಲಿಲ್ಲ.

"ಈಗ ಫೋನ್ ಮಾಡಿದ್ದು ಅದಕ್ಕಲ್ಲ" ಅಂದರು. "ಇನ್ನೊಂದು ಸಲ ಹಾಗೇ ಇಳಿಸ್ತೀಯಾ ಅಂತ ಆ ಹುಡುಗನ್ನ ಕೇಳಿದೆ. 'ಆಗಲ್ಲ ಸರ್, ಕಾಲು ಮುರಿದಿದ್ರೆ ಮಾತ್ರ' ಅಂದ. ಸ್ವಲ್ಪ ನೋಡಿ ಹೇಳಮ್ಮ, ಕಾಲು ಮುರ್ಕೊಳ್ಳೋಕೆ ಯಾವ ಬೆಟ್ಟ ವಾಸಿ?"